ಎಂಜಿನ್ ಮೇಲೆ ಸೀಮೆಸುಣ್ಣದ ಗುರುತು

ನಮ್ಮ ಮಾವನವರು ರೈಲ್ವೆ ಲೋಕೋ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದರು. ನೂರು ವರ್ಷದ ಉಗಿ ಎಂಜಿನ್ನೊಂದನ್ನು ರಿಪೇರಿ ಮಾಡಿ, ಬಾಯ್ಲರಿಗೆ ಹೊಸ ಸೇಫ್ಟಿ ವಾಲ್ವ್ ಕೂರಿಸಿದ್ದರು. ಭಾನುವಾರ ಅದು ಅತಿಥಿಗಳ ಬೋಗಿ ಎಳೆದುಕೊಂಡು ಓಡಬೇಕಿತ್ತು.

ಪರಂಪರೆ ಸಮಿತಿಯ ಅಧ್ಯಕ್ಷ ದೇಶಮಾನೆಯವರು ಹೊಸ ವಾಲ್ವ್ ನೋಡಿ ಕೆಂಡವಾದರು.

"ಏನ್ರೀ ಇದು? ಹಳೇ ವಾಲ್ವೇ ಹಾಕಿ!"

"ಅದು ಕಚ್ಚಿಕೊಂಡಿದೆ ಸಾರ್, ತೆರೆಯೋದೇ ಇಲ್ಲ. ಉಗಿ ಹೆಚ್ಚಾದ್ರೆ ಬಾಯ್ಲರ್ ಸಿಡಿಯುತ್ತೆ, ಜನ ಸಾಯ್ತಾರೆ."

"ನನಗೆ ಪಾಠ ಹೇಳ್ಬೇಡಿ. ಎಂಜಿನ್ ಹುಟ್ಟಿದಾಗ ಇಲ್ಲದ್ದು ಒಂದೂ ಇರಕೂಡದು. ಆಮೇಲೆ ಸೇರಿಸಿದ್ದಕ್ಕೆಲ್ಲ ಗುರುತು ಹಾಕಿ. ನಾಳೆ ನನ್ನೆದುರೇ ಬಿಚ್ಚಬೇಕು."

ಮಾವ ಶೆಡ್ಡಿನ ರಿಪೇರಿ ಪುಸ್ತಕ ತೆರೆದರು. ಸೀಮೆಸುಣ್ಣ ಹಿಡಿದರು.

ಮರುದಿನ ಅಧ್ಯಕ್ಷರು ಬಂದು ನೋಡಿದರೆ ಎಂಜಿನ್ ತುಂಬ ಬಿಳಿ ಗುರುತು.

"ಬಾಯ್ಲರಿಗೂ ಹಾಕಿದ್ದೀರಲ್ರೀ!"

"ಮೂವತ್ತೆಂಟನೇ ಇಸವಿಯಲ್ಲಿ ಬದಲಾಯಿಸಿದ್ದು ಸಾರ್."

"ಚಕ್ರ?"

"ಐವತ್ತೊಂದರಲ್ಲಿ ಬೇರೆ ಎಂಜಿನ್ನಿಂದ ತಂದದ್ದು. ನೀವು ಕೇಳಿದ ಹಳೇ ವಾಲ್ವ್ ಅರವತ್ತೆರಡರದು."

"ಹಾಗಾದ್ರೆ ಅಸಲಿ ಯಾವುದ್ರೀ?"

ಮಾವ ಎಂಜಿನ್ನಿಂದ ಬಿಚ್ಚಿಟ್ಟಿದ್ದ ಹಿತ್ತಾಳೆ ಸೀಟಿಯನ್ನು ಅವರ ಕೈಗಿಟ್ಟರು.

"ಇದೊಂದೇ. ಭಾನುವಾರ ಅತಿಥಿಗಳನ್ನ ಇದರ ಮೇಲೇ ಕೂರಿಸಿ."

ಅಧ್ಯಕ್ಷರು ಎಂಜಿನ್ ನೋಡಿದರು, ಸೀಟಿ ನೋಡಿದರು.

"ಹೊಸ ವಾಲ್ವೇ ಇರಲಿ ಬಿಡ್ರೀ."

ಮಾವ ರಿಪೇರಿ ಪುಸ್ತಕವನ್ನು ಮುಂದಕ್ಕೆ ಚಾಚಿದರು.

"ಬಾಯಲ್ಲಿ ಹೇಳಿದ್ರೆ ಸಾಲದು ಸಾರ್. ಇದರಲ್ಲಿ ಬರೆದು ಸಹಿ ಹಾಕಿ."