ನಿಜ ಹೇಳಿದ ಎಮ್ಮೆ, ತೇಲಿಸಿ ಒದ್ದ ನರಿ

ಕಥೆ ಹೇಳಿ ನನಗೆ ರೂಢಿಯಿಲ್ಲ, ಎಲ್ಲಾದರೂ ತಪ್ಪಿದರೆ ಮನ್ನಿಸಿ.

ಒಂದು ಕಾಡಿನಲ್ಲಿ ಒಂದೇ ನೀರಿನ ಹೊಂಡವಿತ್ತು. ಬೇಸಿಗೆಯಲ್ಲಿ ಅದು ಎರಡು ಗುಂಪಿಗೆ ಸಾಲುತ್ತಿರಲಿಲ್ಲ. ಹಾಗಾಗಿ ಪ್ರಾಣಿಗಳು ಫುಟ್‌ಬಾಲ್ ಆಡುತ್ತಿದ್ದವು. ಗೆದ್ದವರಿಗೆ ಹೊಂಡ. ಸೋತವರು ಎರಡು ಗುಡ್ಡ ದಾಟಿ ಹೊಳೆಗೆ ಹೋಗಬೇಕು. ಆಟ ಸಮವಾದರೆ ಹೊಂಡ ಹಿಂದಿನ ವರ್ಷ ಗೆದ್ದವರಿಗೇ, ಅಂದರೆ ನರಿಯ ಗುಂಪಿಗೆ.

ಈ ಸಲ ಇನ್ನೊಂದು ಗುಂಪಿನ ಗೋಲು ಕಾಯುತ್ತಿದ್ದದ್ದು ಒಂದು ಮುದಿ ಎಮ್ಮೆ. ಬೆಳಗಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾರಿ ಅದಕ್ಕೆ ಸಾಕುಸಾಕಾಗಿತ್ತು. ಮೊಣಕಾಲು ಊದಿತ್ತು. ಸೋತರೆ ಆ ಗುಡ್ಡ ಹತ್ತಲು ತನ್ನಿಂದಾಗದು ಎಂದು ಅದಕ್ಕೆ ಗೊತ್ತಿತ್ತು.

ಎಮ್ಮೆಯ ಗುಂಪು ಒಂದು ಗೋಲು ಮುಂದಿತ್ತು. ಕೊನೆಯ ಗಳಿಗೆಯಲ್ಲಿ ನರಿಗೆ ಪೆನಾಲ್ಟಿ ಸಿಕ್ಕಿತು. ಪೆನಾಲ್ಟಿ ಎಂದರೆ ಒದೆಯುವವರೊಬ್ಬರು, ತಡೆಯುವವರೊಬ್ಬರು, ನಡುವೆ ಯಾರೂ ಇಲ್ಲ.

"ಮೂಲೆಗೆ ಜೋರಾಗಿ ಒದ್ದು ಮುಗಿಸು ಮಾರಾಯ," ಎಂದಿತು ಜೊತೆಗಾರ ಹಂದಿ.

"ಮುಗಿಸೋದೇನು ದೊಡ್ಡದು? ಮುದುಕಿ ಒಂದು ಕಡೆ ಬಿದ್ದಿರಬೇಕು, ಚೆಂಡು ನಡುವೆ ಹೂವಿನ ಹಾಗೆ ತೇಲಿಹೋಗಬೇಕು. ಕಾಡೆಲ್ಲ ನಗಬೇಕು!" ಎಂದಿತು ನರಿ.

ಇದು ನರಿಯ ಹಳೆಯ ಉಪಾಯ. ಜೋರಾಗಿ ಓಡಿಬರುವುದು, ಕಾಯುವವರು ಹೆದರಿ ಪಕ್ಕಕ್ಕೆ ಹಾರಿದ ಕೂಡಲೇ ಚೆಂಡಿನ ಅಡಿಗೆ ಕಾಲ್ಬೆರಳು ತೂರಿಸಿ ಮೆಲ್ಲಗೆ ಎತ್ತಿಬಿಡುವುದು. ಕಾಯುವವರು ಹಾರದಿದ್ದರೆ ಮಾತ್ರ ಕೆಟ್ಟಿತು.

"ಏನಜ್ಜಿ, ಯಾವ ಕಡೆ ಬೀಳ್ತೀಯ?" ನರಿ ಕೆಣಕಿತು.

"ಯಾವ ಕಡೆಗೂ ಆಗಲ್ಲ ಕಣಪ್ಪ. ಕಾಲೇ ಏಳ್ತಿಲ್ಲ," ಎಂದಿತು ಎಮ್ಮೆ.

"ನನಗೇ ಟೋಪಿ ಹಾಕ್ತೀಯಾ?" ನರಿ ನಕ್ಕಿತು. ತಾನು ಎಂದೂ ನಿಜ ಹೇಳಿದ್ದಿಲ್ಲ, ಹಾಗಾಗಿ ಎಮ್ಮೆಯ ಮಾತನ್ನೂ ಅದು ನಂಬಲಿಲ್ಲ.

ನರಿ ಓಡಿಬಂತು. ಚೆಂಡನ್ನು ತೇಲಿಸಿತು. ಎಮ್ಮೆ ಹಾರಲಿಲ್ಲ. ಹಾರಬೇಕೆಂದುಕೊಂಡಿತು, ಆದರೆ ಆಗಲಿಲ್ಲ. ಚೆಂಡು ಮೆಲ್ಲಗೆ ಇಳಿದು ಅದರ ಎರಡು ಕೊಂಬುಗಳ ನಡುವೆ ಕುಳಿತುಕೊಂಡಿತು.

ಕಾಡೆಲ್ಲ ನಕ್ಕಿತು. ಆದರೆ ನಕ್ಕದ್ದು ನರಿಯನ್ನು ನೋಡಿ.

"ಹೇಳಿದ್ದೆನಲ್ಲಪ್ಪ," ಎಂದಿತು ಎಮ್ಮೆ. ಚೆಂಡನ್ನು ಇಳಿಸುವಷ್ಟೂ ತ್ರಾಣವಿಲ್ಲದೆ, ಹಾಗೇ ಕುಂಟುತ್ತ ಹೋಗಿ ಹೊಂಡದ ಕೆಸರಿನಲ್ಲಿ ಮಲಗಿಬಿಟ್ಟಿತು.

ನೀತಿ: ಸುಳ್ಳಾಡುವವನಿಗೆ ಎದುರಿನವರ ನಿಜವೂ ಸುಳ್ಳಾಗಿಯೇ ಕೇಳುತ್ತದೆ, ಅದೇ ಅವನನ್ನು ಸೋಲಿಸುತ್ತದೆ. ಹಾಗೆಂದು ಸುಮ್ಮನೆ ನಿಂತರೆ ಗೆಲ್ಲಬಹುದು ಎಂದು ಯಾರೂ ತಿಳಿಯಬಾರದು. ಎಮ್ಮೆ ನಿಂತದ್ದು ಜಾಣತನದಿಂದಲ್ಲ, ಅದಕ್ಕೆ ನಿಜವಾಗಿಯೂ... ಬಂದೆ, ಬಂದೆ, ಊಟಕ್ಕೆ ಕರೆಯುತ್ತಿದ್ದಾರೆ.