ಏಳು ಸಲ ಸಂನ್ಯಾಸಿಯಾದ ಸೋವಯ್ಯನೂ ಸಂಧ್ಯಾಗಿರಿಯ ಕಾವಿಹೊಂಡವೂ

ಉದಯಸೂರ್ಯನ ಪ್ರಥಮಕಿರಣದಲ್ಲಿಯೂ, ಯಜ್ಞಕುಂಡದ ಜ್ವಾಲೆಯಲ್ಲಿಯೂ, ಪಾರಿಜಾತದ ತೊಟ್ಟಿನಲ್ಲಿಯೂ, ಕನಕಾಂಬರದ ಎಸಳಿನಲ್ಲಿಯೂ, ಮಾಗಿದ ಕಿತ್ತಳೆಯಲ್ಲಿಯೂ, ವಿರಕ್ತರ ಕಾಷಾಯವಸ್ತ್ರದಲ್ಲಿಯೂ ಒಂದೇ ವರ್ಣವಾಗಿ ಬೆಳಗುವ, ಸಂಧ್ಯಾರಾಗವನ್ನೇ ಜಟಾಮಂಡಲದಲ್ಲಿ ಧರಿಸಿದ ಶ್ರೀ ಸಂಧ್ಯೇಶ್ವರಸ್ವಾಮಿಯ ಚರಣಾರವಿಂದಗಳಿಗೆ ಸಾಷ್ಟಾಂಗವಂದನೆ ಸಲ್ಲಿಸಿ, ಈ ಕ್ಷೇತ್ರದ ಉತ್ಪತ್ತಿಕಥೆಯನ್ನು ಯಥಾಮತಿ ನಿರೂಪಿಸುತ್ತೇನೆ. ಅದಕ್ಕೆ ಮುನ್ನ ಭಕ್ತಾದಿಗಳಲ್ಲಿ ಕೈಮುಗಿದು ಒಂದು ಬಿನ್ನಹ. ಸ್ವಾಮಿಗೆ ಈ ಬಣ್ಣ ಪ್ರಿಯವೆಂದು ಯಾರೋ ಹೇಳಿದರೆಂದು ಬುಟ್ಟಿಗಟ್ಟಲೆ ಕಿತ್ತಳೆಹಣ್ಣು ತಂದು, ಹಣ್ಣನ್ನು ತಾವು ತಿಂದು, ಸಿಪ್ಪೆಯನ್ನು ಮಾತ್ರ ತೀರ್ಥಕ್ಕೆ ಸಮರ್ಪಿಸುವ ಪದ್ಧತಿ ಯಾವ ಆಗಮದಲ್ಲಿಯೂ ಉಕ್ತವಾಗಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಇಲ್ಲಿಯ ಅರ್ಚಕನಾಗಿ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಕಥೆಯನ್ನು ಓದಿದರಾದರೂ ತಿಳಿದೀತೆಂಬ ಆಸೆಯಿಂದ ಬರೆಯುತ್ತಿದ್ದೇನೆ.

ಕಲಿಯುಗದ ಆದಿಭಾಗದಲ್ಲಿ, ಮನುಷ್ಯರು ಮಾಡುವ ಪ್ರತಿಜ್ಞೆಗಳನ್ನು ದೇವತೆಗಳು ಇನ್ನೂ ಕಿವಿಗೊಟ್ಟು ಕೇಳುತ್ತಿದ್ದ ಕಾಲದಲ್ಲಿ, ಶಿಲಾಮಯವಾದ ಈ ಗಿರಿಯ ತಪ್ಪಲು ಮುತ್ತುಗದ ಮರಗಳಿಂದ ನಿಬಿಡವಾಗಿತ್ತು. ಗಿರಿಶಿಖರದ ಗುಹೆಯಲ್ಲಿ ಸ್ವಾಮಿಯು ಯಾರಿಗೂ ಗೋಚರನಾಗದೆ ಸಮಾಧಿಸ್ಥನಾಗಿದ್ದನು. ತಪ್ಪಲಿನ ಹಟ್ಟಿಯಲ್ಲಿ ಸೋವಯ್ಯನೆಂಬ ಗೋಪಾಲಕನು ನಲವತ್ತು ಹಸುಗಳೊಡನೆಯೂ, ಧರ್ಮಪತ್ನಿಯಾದ ಬಾಚಲೆಯೊಡನೆಯೂ, ಏಕಮಾತ್ರ ಪುತ್ರಿಯಾದ ಜಕ್ಕಲೆಯೊಡನೆಯೂ ವಾಸವಾಗಿದ್ದನು. ಅವನು ದುಷ್ಟನಲ್ಲ, ಕುಡುಕನಲ್ಲ, ಸುಳ್ಳುಗಾರನೂ ಅಲ್ಲ. ಅವನಿಗಿದ್ದುದು ಒಂದೇ ದೋಷ. ಪ್ರತಿ ಫಾಲ್ಗುಣಮಾಸದಲ್ಲಿ ಎಲೆಯೆಲ್ಲ ಉದುರಿದ ಮುತ್ತುಗದ ವನವು ಕೊಂಬೆಕೊಂಬೆಯಲ್ಲಿಯೂ ಹೂವಾಗಿ, ಕಾಡಿಗೆ ಕಾಡೇ ಹೊತ್ತಿಕೊಂಡಂತೆ ಕಾಣತೊಡಗಿದೊಡನೆ, ಅವನಿಗೆ ಜ್ವರ ಬಂದ ಹಾಗೆ ವೈರಾಗ್ಯ ಬರುತ್ತಿತ್ತು. ತಿಪ್ಪೆಯ ಗೊಬ್ಬರವನ್ನು ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುವ ಕಾಲವೂ ಅದೇ ಆಗಿತ್ತೆಂಬುದನ್ನು ಇಲ್ಲಿ ಸುಮ್ಮನೆ ಸೂಚಿಸಿದ್ದೇನೆ.

ಸಂನ್ಯಾಸಕ್ಕೆ ಕಾಷಾಯವಸ್ತ್ರ ಬೇಕಷ್ಟೆ. ಸಂಪ್ರದಾಯವಿದ್ದುದು ಹೀಗೆ: ಗಿರಿಯ ಆಚೆಮಗ್ಗುಲಿನಿಂದ ಕಾವಿಕಲ್ಲನ್ನು ಅಗೆದು ತಂದು, ಅರೆದು, ಸೋಸಿ, ಮೂರು ಸಲ ಬಟ್ಟೆಯನ್ನು ಅದ್ದಿ ಮೂರು ಸಲ ಒಣಗಿಸಬೇಕು. ಹಾಗೆ ಹಿಡಿದ ಬಣ್ಣ ಬಟ್ಟೆ ಹರಿಯುವವರೆಗೂ ಇರುತ್ತದೆ. ಸೋವಯ್ಯನಿಗೆ ಅಷ್ಟು ದೂರ ಹೋಗುವುದು ಬೇಸರ. ಬಾಗಿಲ ಮುಂದೆಯೇ ಮುತ್ತುಗದ ಹೂ ರಾಶಿಯಾಗಿ ಬಿದ್ದಿರುವಾಗ ಕಲ್ಲು ಅರೆಯುವುದೇತಕ್ಕೆಂದು ಬಗೆದು, ಹೆಂಡತಿಯ ಅನ್ನದ ಗಡಿಗೆಯನ್ನು ಕೇಳದೆಯೇ ಎತ್ತಿಕೊಂಡು, ಹೂವನ್ನು ಕುದಿಸಿ, ಅದರಲ್ಲಿ ಧೋತರವನ್ನು ಅದ್ದುತ್ತಿದ್ದನು. ಆ ಬಣ್ಣ ಉಜ್ಜ್ವಲವಾದದ್ದೇ, ಸುಳ್ಳಲ್ಲ. ಆದರೆ ಮುತ್ತುಗದ ಬಣ್ಣ ಬಿಸಿಲನ್ನು ತಡೆಯದು. ಜ್ಯೇಷ್ಠಮಾಸದ ಹೊತ್ತಿಗೆ ಮಾಸಿ, ಮೊದಲ ಮಳೆಗೆ ತೊಳೆದುಹೋಗಿ, ವಸ್ತ್ರವು ಮತ್ತೆ ಗೃಹಸ್ಥನ ಬಿಳಿಯ ಧೋತರವೇ ಆಗಿಬಿಡುತ್ತಿತ್ತು.

ಪತ್ನಿಯ ಅನುಮತಿಯಿಲ್ಲದೆ ಸಂನ್ಯಾಸವಿಲ್ಲವೆಂಬುದು ಶಾಸ್ತ್ರ. ಮೊದಲ ವರ್ಷ ಬಾಚಲೆ ಮೂರು ದಿನ ಅತ್ತು ಅನುಮತಿ ಕೊಟ್ಟಳು. ಎರಡನೆಯ ವರ್ಷ ಒಂದು ದಿನ ಅತ್ತಳು. ಐದನೆಯ ವರ್ಷ ಕರೆಯುತ್ತಿದ್ದ ಹಸುವಿನ ಕೆಚ್ಚಲಿನಿಂದ ತಲೆಯನ್ನೂ ಎತ್ತದೆ "ಹೂಂ, ಹೋಗಿ ಬರ್ರಿ" ಎಂದಳು. ಸಂನ್ಯಾಸಕ್ಕೆ ಹೊರಟವನಿಗೆ ಹೋಗಿ ಬನ್ನಿ ಎನ್ನುವುದೇ ಶಾಸ್ತ್ರವಿರುದ್ಧವಾದರೂ ಆ ತಾಯಿಯಲ್ಲಿ ತಪ್ಪು ಹುಡುಕಲು ನನಗೆ ಮನಸ್ಸು ಬಾರದು. ಸೋವಯ್ಯನಾದರೋ ಶಿಖರವನ್ನೇರಿ, ಗುಹಾಂತರ್ಗತನಾದ ಸ್ವಾಮಿಯನ್ನೇ ಸಾಕ್ಷಿಯಾಗಿ ಕರೆದು, ಎಲ್ಲವನ್ನೂ ತೊರೆದೆನೆಂದು ಮೂರು ಬಾರಿ ಉಚ್ಚಸ್ವರದಿಂದ ಘೋಷಿಸುತ್ತಿದ್ದನು. ಸ್ವಾಮಿಯು ಸಮಾಧಿಯನ್ನು ಬಿಟ್ಟು ಕಣ್ತೆರೆದು ಸಾಕ್ಷಿಯಾಗುತ್ತಿದ್ದನು. ಆಷಾಢದಲ್ಲಿ ಗುಹೆ ಸೋರತೊಡಗಿದೊಡನೆ ಸಂನ್ಯಾಸಿಯು ಇಳಿದು ಬಂದು ಊಟದ ಎಲೆಯ ಮುಂದೆ ಕುಳಿತುಬಿಡುತ್ತಿದ್ದನು. ಕೇಳಿದರೆ, "ಬಟ್ಟಿ ಬಣ್ಣ ಬಿಟ್ರೆ ನಾನೇನ್ ಮಾಡ್ಲಿ?" ಎಂಬ ಉತ್ತರ.

ಹೀಗೆ ಆರು ವರ್ಷಗಳು ಕಳೆಯುವಷ್ಟರಲ್ಲಿ ಜಕ್ಕಲೆ ವಿವಾಹಯೋಗ್ಯಳಾದಳು. ಎರಡು ಸಲ ಸಂಬಂಧ ಕೂಡಿಬಂತು, ಎರಡು ಸಲವೂ ಅರಿಶಿನ ಹಚ್ಚಿದ ಮೇಲೆ ಮುರಿದುಬಿತ್ತು. ಕಾರಣ ಒಂದೇ. ತಂದೆ ಗೃಹಸ್ಥನಾಗಿದ್ದರೆ ಅವನೇ ಧಾರೆಯೆರೆಯಬೇಕು. ನಿಜವಾಗಿ ಸಂನ್ಯಾಸಿಯಾಗಿದ್ದರೆ ಅವನು ಆ ಮನೆಯ ಪಾಲಿಗೆ ಇಲ್ಲದವನು, ಸೋದರಮಾವ ಎರೆಯಬಹುದು. ಮಳೆಗಾಲದಲ್ಲಿ ಉಂಟು, ಬೇಸಗೆಯಲ್ಲಿ ಇಲ್ಲ ಎಂಬಂಥ ತಂದೆಯ ಮಗಳನ್ನು ಯಾವ ವಿಧಿಯಿಂದ ಸ್ವೀಕರಿಸುವುದೆಂದು ಬೀಗರು ಕೇಳಿದರೆ ಅವರದೂ ತಪ್ಪಲ್ಲ. ಏಳನೆಯ ವರ್ಷದ ವೈಶಾಖದಲ್ಲಿ ಮೂರನೆಯ ಸಂಬಂಧವೊಂದು ಕೂಡಿತು. ವರನ ತಾತನಾದ ಎರೆಯಪ್ಪನು ನಿಷ್ಠುರನಾದರೂ ನ್ಯಾಯವಂತ. ತಂದೆ ಒಳಗಿನವನೋ ಹೊರಗಿನವನೋ, ಮುಹೂರ್ತಕ್ಕೆ ಮುಂಚೆ ಒಂದು ತೀರ್ಮಾನವಾಗಲಿ, ಯಾವುದಾದರೂ ನಮಗೆ ಸಮ್ಮತ, ತೀರ್ಮಾನವಾಗದಿದ್ದರೆ ದಿಬ್ಬಣ ಹಿಂದಿರುಗುವುದು ಎಂದು ಹೇಳಿ ಕಳುಹಿಸಿದನು. ಸೋವಯ್ಯ ಆಗ ಏಳನೆಯ ಸಂನ್ಯಾಸದಲ್ಲಿ ಶಿಖರದ ಮೇಲಿದ್ದನು.

ಮದುವೆಗೆ ಇನ್ನೆರಡೇ ದಿನವಿರುವಾಗ, ಚಪ್ಪರದ ಬಟ್ಟೆಗಳನ್ನು ಒಗೆಯುತ್ತಿದ್ದ ಬಾಚಲೆಗೆ ಆ ಮಾತು ಮುಟ್ಟಿತು. ಕೈಯಲ್ಲಿದ್ದ, ಬಟ್ಟೆ ಬಡಿಯುವ ಕೊಡತಿಯನ್ನು ಕೆಳಗಿಡುವುದಕ್ಕೂ ತೋಚದೆ, ಒದ್ದೆಯ ಸೆರಗಿನಲ್ಲಿಯೇ ಆಕೆ ಗಿರಿಯನ್ನೇರಿದಳು. ಇಂದು ಆ ಹಾದಿಗೆ ಮುನ್ನೂರ ಹನ್ನೊಂದು ಮೆಟ್ಟಿಲುಗಳಿವೆ, ಅಂದು ಒಂದೂ ಇರಲಿಲ್ಲ. ಸೋವಯ್ಯನು ಶಿಲಾತಲದ ಮೇಲೆ, ಆಗಲೇ ಅರ್ಧ ಮಾಸಿದ್ದ ವಸ್ತ್ರವನ್ನು ಹೊದ್ದು, ಪಶ್ಚಿಮಾಭಿಮುಖನಾಗಿ ಕುಳಿತಿದ್ದನು.

"ಜಕ್ಕಲಿ ಅಪ್ಪಾ," ಎಂದಳು ಬಾಚಲೆ, "ನಾಳಿದ್ದು ಮದಿವೆ ಐತೆ. ನೀವು ಮನಿಯವರೋ ಮಠದವರೋ, ಒಂದು ಹೇಳ್ರಿ. ಯಾವ್ದು ಹೇಳಿದ್ರೂ ನಾನು ಹೂಂ ಅಂತೀನಿ."

"ಎಲ್ಲಾ ಮಾಯೆ ಬಾಚೀ, ಅವಸರ ಮಾಡಬ್ಯಾಡ. ಮಳಿ ಬರ್ಲಿ, ನೋಡೋಣ."

"ಮಳಿ ಬರೋ ಹೊತ್ತಿಗೆ ನನ್ನ ಮಗಳು ಮೂರನೇ ಸಲ ಅರಿಶಿನ ತೊಳ್ಕಂಡು ಮೂಲ್ಯಾಗ ಕುಂತಿರ್ತಾಳೆ! ಆ ಕೂಸಿನ ಮುಖ ನೋಡೀರೇನು ನೀವು?" ಎಂದವಳೇ ಗುಹೆಯ ಕಡೆಗೆ ತಿರುಗಿ, "ನೀನೂ ಏಳು ಸಲ ಸುಮ್ನೆ ಕೇಳಿಸ್ಕಂಡು ಕುಂತೀಯಲ್ಲ ಸ್ವಾಮಿ, ನೀನಾದ್ರೂ ಒಂದು ಹೇಳು!" ಎಂದು ಕೂಗಿ, ಆರು ವರ್ಷಗಳ ಸಂಕಟವನ್ನೆಲ್ಲ ತೋಳಿಗೆ ತಂದುಕೊಂಡು, ಕೊಡತಿಯಿಂದ ಶಿಲೆಯನ್ನು ಬಡಿದಳು.

ಬಡಿದ ಸ್ಥಳದಲ್ಲಿ ಬಂಡೆ ಸೀಳಿತು. ಸೀಳಿದಲ್ಲಿ ಸಂಧ್ಯಾಕಾಶವನ್ನೇ ಕರಗಿಸಿದಂಥ ಅರುಣವರ್ಣದ ನೀರು ಉಕ್ಕಿತು. ಗುಹೆಯೊಳಗಿಂದ ಗಂಭೀರವಾದ, ಆದರೆ ತಾಳ್ಮೆ ತಪ್ಪಿದುದು ಸ್ಪಷ್ಟವಾಗಿ ತಿಳಿಯುವಂಥ ದಿವ್ಯವಾಣಿಯೊಂದು ಕೇಳಿಬಂತು:

"ಎಲೈ ಸೋವಯ್ಯಾ, ಏಳು ಫಾಲ್ಗುಣಗಳಲ್ಲಿ ಏಳು ಬಾರಿ ನನ್ನನ್ನು ಸಾಕ್ಷಿಯೆಂದು ಕರೆದೆ. ಏಳು ಬಾರಿಯೂ ಸಮಾಧಿಯನ್ನು ಬಿಟ್ಟು ಸಾಕ್ಷಿಯಾದೆನು. ಆರು ಆಷಾಢಗಳಲ್ಲಿ ಒಂದು ಮಾತನ್ನೂ ಹೇಳದೆ ಇಳಿದುಹೋದೆ. ದೇವರಿಗೂ ಬೇಸರವೆಂಬುದುಂಟು. ಮುತ್ತುಗದ ಬಣ್ಣ ಬಿಸಿಲಿಗೆ ಹೋಗುತ್ತದೆ, ಸಂಜೆಯ ಬಣ್ಣ ಇರುಳಿಗೆ ಹೋಗುತ್ತದೆ, ಈ ನೀರಿನ ಬಣ್ಣ ಹೋಗುವುದಿಲ್ಲ. ಇದರಲ್ಲಿ ವಸ್ತ್ರವನ್ನು ಅದ್ದಿ ಉಟ್ಟವನು ಯತಿ, ಅವನಿಗೆ ಮನೆಯ ಹಾದಿಯಿಲ್ಲ. ಇದರಲ್ಲಿ ಅದ್ದಿದ ಕೈ ಮನೆಯನ್ನು ಹೊತ್ತ ಕೈ, ಅದು ಎರೆದ ಧಾರೆಗೆ ನಾನೇ ಸಾಕ್ಷಿ. ಸೂರ್ಯಾಸ್ತದೊಳಗೆ ಒಂದನ್ನು ಮಾಡು."

ಸಾಕ್ಷಾತ್ ಪರಮೇಶ್ವರನೇ ಇಷ್ಟು ಬಿಡಿಸಿ ಹೇಳಿದ ಮೇಲೆ ಬೇರೆ ಯಾರಾದರೂ ಆಗಿದ್ದರೆ ಒಂದು ದಾರಿ ಹಿಡಿಯುತ್ತಿದ್ದರು. ಸೋವಯ್ಯನು ತಲೆ ಕೆರೆದುಕೊಂಡು, "ಸ್ವಾಮೀ, ಅರ್ಧ ಬಟ್ಟಿ ಅದ್ದಿ, ಒಂದು ಕೈ ಅದ್ದಿದ್ರೆ ನಡೀತೈತಾ?" ಎಂದನು. ಸ್ವಾಮಿ ಉತ್ತರಿಸಲಿಲ್ಲ. ಅಂದಿನಿಂದ ಇಂದಿನವರೆಗೆ ಸ್ವಾಮಿಯು ಈ ಕ್ಷೇತ್ರದಲ್ಲಿ ಒಂದು ಮಾತನ್ನೂ ಆಡಿಲ್ಲ. ಚೀಟಿಯಲ್ಲಿ ಪ್ರಶ್ನೆ ಬರೆದುಕೊಂಡು ಬರುವವರು ಇದನ್ನು ದಯವಿಟ್ಟು ಗಮನಿಸಬೇಕು.

ಸೋವಯ್ಯ ವಸ್ತ್ರದ ಒಂದು ತುದಿಯನ್ನು ಅದ್ದಿ, ಎತ್ತಿ, ಯೋಚಿಸಿದನು. ಕೈಯನ್ನು ನೀರಿನವರೆಗೆ ಚಾಚಿ ಹಿಂದಕ್ಕೆಳೆದುಕೊಂಡನು. ಸೂರ್ಯಬಿಂಬವು ಅಂಚಿಗೆ ತಾಗಿತು. ನೋಡುವಷ್ಟು ನೋಡಿದ ಬಾಚಲೆ ಕೊಡತಿಯನ್ನು ಅತ್ತ ಎಸೆದು, ಕುಕ್ಕರಗಾಲಿನಲ್ಲಿ ಕುಳಿತು, ತನ್ನ ಎರಡೂ ಕೈಗಳನ್ನು ಮೊಣಕೈವರೆಗೆ ಆ ನೀರಿನಲ್ಲಿ ಮುಳುಗಿಸಿದಳು. ಸ್ವಾಮಿ ಹೇಳಿದ್ದು ಗಂಡನಿಗೆ, ಸ್ತ್ರೀಗೆ ಆ ಅಧಿಕಾರವೆಲ್ಲಿಯದೆಂದು ಆಕ್ಷೇಪಿಸುವ ಪಂಡಿತರು ವರ್ಷಕ್ಕೆ ಇಬ್ಬರಾದರೂ ಬರುತ್ತಾರೆ. ಬೇಡವೆನ್ನಬೇಕಾದ ಸ್ವಾಮಿಯೇ ಬೇಡವೆನ್ನಲಿಲ್ಲ, ನಿಮಗೇನು ಕಷ್ಟ ಎಂದಷ್ಟೇ ಅವರನ್ನು ಕೇಳುತ್ತೇನೆ. ಬಾಚಲೆ ಎದ್ದು, ಹಿಂದಿರುಗಿ ನೋಡದೆ ಗಿರಿಯನ್ನು ಇಳಿದಳು. ಆಕೆ ಇಳಿಯುತ್ತಿರುವಾಗಲೇ ಸೂರ್ಯ ಮುಳುಗಿದನು. ವಸ್ತ್ರದ ತುದಿಯನ್ನು ಹಿಡಿದು ಇನ್ನೂ ಯೋಚಿಸುತ್ತಿದ್ದ ಸೋವಯ್ಯನು ಹಾಗೆಯೇ ಶಿಲೆಯಾದನು.

ಮುಹೂರ್ತದ ದಿನ ಎರೆಯಪ್ಪನು ಬಾಚಲೆಯ ಕೈಗಳನ್ನು ನೋಡಿ, ಹೆಬ್ಬೆರಳಿನಿಂದ ಉಜ್ಜಿ, ನೀರು ಹಾಕಿಸಿ ಮತ್ತೆ ಉಜ್ಜಿ, ಬಣ್ಣ ಹೋಗದುದನ್ನು ಕಂಡು, ನಡೆದುದನ್ನೆಲ್ಲ ಕೇಳಿ, "ಎರೀ ತಾಯೀ, ನಿನ್ನ ಕೈಗಿಂತ ದೊಡ್ಡ ಕೈ ನಾನೆಲ್ಲಿ ಹುಡುಕ್ಲಿ" ಎಂದನು. ಜಕ್ಕಲೆಯ ಅರಿಶಿನ ಈ ಸಲ ಉಳಿಯಿತು.

ಆ ಚಿಲುಮೆಯೇ ಇಂದಿನ ಕಾವಿಹೊಂಡ. ಈ ಸೀಮೆಯ ಮದುವೆಗಳಲ್ಲಿ ತಾಯಿಯಾದವಳು ಮುನ್ನಾದಿನ ಬಂದು ಇದರಲ್ಲಿ ಕೈ ಅದ್ದಿ ಹೋಗಿ ತಾನೇ ಧಾರೆಯೆರೆಯುವ ಪದ್ಧತಿ ಈಗಲೂ ಇದೆ. ಬಣ್ಣ ಮೂರೇ ದಿನಕ್ಕೆ ಹೋಯಿತೆಂದು ನನ್ನಲ್ಲಿ ದೂರು ಹೇಳುವವರು ತಾವು ಹಚ್ಚುವ ಸೋಪನ್ನು ಕೇಳಿಕೊಳ್ಳಬೇಕು. ಹೊಂಡದ ಪಕ್ಕದಲ್ಲಿ, ಒಂದು ಮಗ್ಗುಲು ಕೇಸರಿಯಾಗಿ ಇನ್ನೊಂದು ಮಗ್ಗುಲು ಬೆಳ್ಳಗೆ ಕುಳಿತಿರುವುದೇ ಸೋವಯ್ಯನ ಬಂಡೆ. ಅದು ಆಂಜನೇಯನಲ್ಲ. ಸಿಂಧೂರ ಬಳಿಯಬೇಡಿ, ವಡೆಮಾಲೆ ಹಾಕಬೇಡಿ, ಪರೀಕ್ಷೆಯಲ್ಲಿ ಪಾಸಾಗಲೆಂದು ಅದನ್ನು ಸುತ್ತಬೇಡಿ. ತನಗೇ ಒಂದು ತೀರ್ಮಾನಕ್ಕೆ ಬರಲಾಗದವನು ನಿಮಗೇನು ಮಾಡಿಕೊಟ್ಟಾನು?

ಆ ಬಂಡೆಯ ಮೇಲೆ ನಾಲ್ಕು ಗೂಟ ನೆಟ್ಟು ಹುಲ್ಲಿನ ಮಾಡು ಹೊದಿಸಿರುವುದನ್ನು ಭಕ್ತಾದಿಗಳು ನೋಡಿರಬಹುದು. ಪ್ರತಿ ಜ್ಯೇಷ್ಠಮಾಸದ ಕಡೆಯ ಸೋಮವಾರ ತಪ್ಪಲಿನ ಹೆಂಗಸರು ಹುಲ್ಲಿನ ಹೊರೆ ಹೊತ್ತು ಬಂದು, ಹಳೆಯದನ್ನು ಕಿತ್ತು, ಬಂಡೆಯನ್ನು ಬಾಯ್ತುಂಬ ಬೈಯುತ್ತ ಹೊಸದನ್ನು ಹೊದಿಸುತ್ತಾರೆ. ಕಲ್ಲಿಗೆ ಮಾಡೇಕೆ ಎಂದು ಕೇಳದವರಿಲ್ಲ. ಮದುವೆಯಾದ ಮರುತಿಂಗಳು, ಮೊದಲ ಮೋಡ ಕಂಡಾಗ, ಬಾಚಲೆಯೇ ಹುಲ್ಲು ಹೊತ್ತು ಬಂದು ಇದನ್ನು ಆರಂಭಿಸಿದಳು. ನಲವತ್ತು ವರ್ಷ, ಸೊಂಟ ಬಾಗಿದ ಮೇಲೂ, ಒಂದು ವರ್ಷವನ್ನೂ ಬಿಡಲಿಲ್ಲ. ಕಡೆಯ ವರ್ಷ, ಹತ್ತಲಾರದ ತಾಯಿಯನ್ನು ಕೈಹಿಡಿದು ಹತ್ತಿಸುತ್ತಿದ್ದ ಜಕ್ಕಲೆಗೆ ಸಾಕಾಗಿಹೋಗಿ, "ಅವ್ವಾ, ನಮ್ಮನ್ನು ಅಷ್ಟು ಗೋಳು ಹುಯ್ಕಂಡ ಮನುಷ್ಯ ನೆನೆದ್ರೆ ನೆನೀಲಿ ಬಿಡು," ಎಂದಳಂತೆ. ಬಾಚಲೆ ಹೊರೆಯನ್ನು ಇಳಿಸಿ, ಕಾವಿಬಣ್ಣದ ಕೈಗಳಿಂದ ಬೆವರು ಒರೆಸಿಕೊಂಡು ಹೇಳಿದಳು:

"ಸನ್ಯಾಸಿ ಆಗಿದ್ರೆ ಬಿಟ್ಟು ಬಿಡ್ತಿದ್ದೆ ಮಗಳೇ. ಆಗ್ಲಿಲ್ಲಲ್ಲ, ಏನ್ ಮಾಡ್ಲಿ?"