ನೋವಲ್ಲ, ಭಯ

ಕಾವೇರಿಯ ದಡದ ಆ ಆಶ್ರಮದಲ್ಲಿ ಸ್ವಾಮಿಗಳನ್ನು ಕಾಣಲು ಬರುವವರೇ ಹೆಚ್ಚು. ಜವರೇಶ ಬಂದದ್ದು ಬೋರಯ್ಯ ಮೇಷ್ಟ್ರನ್ನು ಕಾಣಲು.

ಮೇಷ್ಟ್ರು ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟಿದ್ದರು. ಒಂದು ಕಾಲಕ್ಕೆ ಕ್ರೀಡಾ ಹಾಸ್ಟೆಲಿನಲ್ಲಿ ಮಕ್ಕಳನ್ನು ಓಡಿಸಿ, ನೆಗೆಸಿ, ಬೆವರಿಳಿಸಿ ಆಟಗಾರರನ್ನಾಗಿ ಮಾಡಿದವರು. ಈಗ ಎರಡೂ ಕಣ್ಣು ಹೋಗಿವೆ. ಆಶ್ರಮದವರು ಒಂದು ಕೋಣೆ ಕೊಟ್ಟಿದ್ದಾರೆ. ಪಕ್ಕದಲ್ಲೇ ಬಾಸ್ಕೆಟ್‌ಬಾಲ್ ಅಂಕಣವಿದೆ. ಚೆಂಡಿನ ಸದ್ದು ಕೇಳಿಕೊಂಡು ಅವರು ಅಲ್ಲೇ ಇದ್ದುಬಿಟ್ಟಿದ್ದಾರೆ.

"ಮೇಷ್ಟ್ರೇ" ಎಂದ ಜವರೇಶ.

"ಬಾ ಜವರಾ. ಟೀವಿಯಲ್ಲಿ ಇಷ್ಟು ಸಣ್ಣ ದನಿ ಇರಲ್ವಲ್ಲ ನಿಂದು."

ಜವರೇಶ ಅವರ ಪಾದ ಮುಟ್ಟಿ ಒಂದು ಮೆಟ್ಟಿಲು ಕೆಳಗೆ ಕೂತ.

ಮಾತಾಡುವುದೇ ಅವನ ಕಸುಬು. ಹಿಂದೆ ದೇಶಕ್ಕೆ ಬಾಸ್ಕೆಟ್‌ಬಾಲ್ ಆಡಿದವನು. ಹಾಸ್ಟೆಲಿನ ಗೆಳೆಯ ದೇವರಾಜ ಫುಟ್‌ಬಾಲ್ ಆಡಿದವನು. ಆಟ ಮುಗಿದ ಮೇಲೆ ಇಬ್ಬರೂ ಒಂದು ಚಾನೆಲ್ ಸೇರಿದರು. ಪ್ರತಿ ಸಂಜೆ ಎದುರುಬದುರು ಕೂತು ವಾದ ಮಾಡುವುದು. ಅಮೆರಿಕದ ಬಾಸ್ಕೆಟ್‌ಬಾಲಿನಲ್ಲಿ ಯಾರು ಯಾವ ತಂಡ ಬಿಟ್ಟರು, ಯುರೋಪಿನ ಫುಟ್‌ಬಾಲಿನಲ್ಲಿ ಯಾವ ಕೋಚ್ ಮನೆಗೆ ಹೋದ, ಬೆಂಗಳೂರಿನ ಹುಡುಗರು ಯಾಕೆ ಸೋತರು. ಓಡಲಾರದ ಕಾಲುಗಳ ಕೆಲಸವನ್ನು ನಾಲಿಗೆ ವಹಿಸಿಕೊಂಡಿತ್ತು. ದೇವರಾಜ ಅಳೆದು ತೂಗಿ ಮಾತಾಡುತ್ತಿದ್ದ. ಜವರೇಶ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ. ಜನಕ್ಕೆ ಜವರೇಶನೇ ಇಷ್ಟ.

"ಸಂಪಂಗಿ ಅಂತ ಒಬ್ಬ ಫುಟ್‌ಬಾಲ್ ಆಟಗಾರ ಇದಾನೆ ಮೇಷ್ಟ್ರೇ" ಎಂದು ಶುರುಮಾಡಿದ. "ಸೆಮಿಫೈನಲ್‌ನಲ್ಲಿ ಮೊಣಕಾಲು ಹಿಡ್ಕೊಂಡು ಹೊರಗೆ ಬಂದ. ಅದು ನೋವಲ್ಲ, ಭಯ ಅಂದೆ ನಾನು. ಮುಖ ನೋಡಿದ್ರೇ ಗೊತ್ತಾಗುತ್ತೆ ಅಂದೆ."

"ದೇವರಾಜ ಏನಂದ?"

"ಅವನ ಕಾಲು ನಾವು ನೋಡಿಲ್ಲ, ಸುಮ್ನಿರು ಅಂದ. ನಾನು ನಕ್ಕೆ. ಎಲ್ಲರ ಫೋನಿಗೂ ಹೋಗಿದ್ದು ನನ್ನ ಮಾತೇ."

"ಆಮೇಲೆ?"

"ಫೈನಲ್ ಬಂತು. ನೋವಿಲ್ಲ ಅಂತ ಡಾಕ್ಟರಿಗೆ ಸುಳ್ಳು ಹೇಳಿ ಮೈದಾನಕ್ಕಿಳಿದನಂತೆ. 'ಭಯ ಅಂದ್ರಲ್ಲ, ಇವತ್ತು ನೋಡ್ಲಿ' ಅಂದನಂತೆ. ಓಡ್ತಾ ಓಡ್ತಾ ಬಿದ್ದ. ಮೊಣಕಾಲಿನ ಲಿಗಮೆಂಟ್ ಹರಿದುಹೋಗಿದೆ."

ಮೆಟ್ಟಿಲಿಗೆ ಬಡಿದು ಬಡಿದು ನೀರು ಹರಿಯುತ್ತಿತ್ತು.

"ನನಗೆ ಮೌನ ಕೊಡಿ ಮೇಷ್ಟ್ರೇ. ಇಲ್ಲೇ ಇದ್ದುಬಿಡ್ತೀನಿ. ಇನ್ನು ಆ ಚಾನೆಲಿನ ಕುರ್ಚಿಗೆ ಹೋಗಲ್ಲ."

ಮೇಷ್ಟ್ರು ಕಾಲು ಮೇಲೆಳೆದುಕೊಂಡು ಪಂಚೆಯ ಅಂಚಿನಿಂದ ಒರೆಸಿಕೊಂಡರು.

"ಊಟ ಮಾಡಿದ್ಯಾ?" ಎಂದರು.

"ಇಲ್ಲ."

"ಮೊದಲು ಊಟ ಮಾಡು."

ಸಂಜೆಯಾಯಿತು. ಪಕ್ಕದ ವ್ಯಾಯಾಮ ಶಿಕ್ಷಣ ಕಾಲೇಜಿನ ಹುಡುಗಿಯರು ಎರಡು ತಂಡವಾಗಿ ಆಡಲು ಬಂದರು. ಮೇಷ್ಟ್ರು ಜವರೇಶನ ತೋಳು ಹಿಡಿದು ಅಂಕಣದ ಬದಿಯ ಕಲ್ಲುಬೆಂಚಿನವರೆಗೆ ನಡೆದರು.

"ಏನಾಗ್ತಿದೆ ಹೇಳು. ನನಗೆ ಸದ್ದು ಮಾತ್ರ ಕೇಳುತ್ತೆ."

"ನಾನು ಮೌನ ಕೇಳಿದೆ ಮೇಷ್ಟ್ರೇ."

"ನಾನು ಆಟ ಕೇಳ್ತಿದೀನಿ."

ಜವರೇಶ ಅಂಕಣದ ಕಡೆ ನೋಡಿದ. ಸ್ವಲ್ಪ ಹೊತ್ತಿಗೆ ಅವನಿಗೇ ಗೊತ್ತಾಗದಂತೆ ದನಿಗೆ ಹಳೆಯ ಬಿಸಿ ಬಂತು.

"ಕೆಂಪು ಅಂಗಿ ಹುಡುಗಿ ಚೆನ್ನಾಗಿ ಆಡ್ತಾಳೆ. ಕೈಚಳಕ ಇದೆ, ಧೈರ್ಯ ಇಲ್ಲ. ಬುಟ್ಟಿ ಕಣ್ಣೆದುರಿಗೇ ಇದ್ರೂ ಎಸೆಯಲ್ಲ. ಗುರಿ ತಪ್ಪಿದ್ರೆ ಅನ್ನೋ ಭಯ."

"ಭಯ ಎಲ್ಲಿದೆ?"

"ಅಂದ್ರೆ?"

"ಕೈಯಲ್ಲಿದೆಯಾ, ಕಾಲಲ್ಲಿದೆಯಾ? ನನಗೆ ಕಾಣಲ್ಲಪ್ಪ. ನಿನಗೆ ಎಲ್ಲಿ ಕಂಡಿತು ಹೇಳು."

ಜವರೇಶ ಮತ್ತೆ ನೋಡಿದ. ಚೆಂಡು ಕೆಂಪು ಅಂಗಿಯವಳ ಕೈಗೆ ಬಂತು.

"ಚೆಂಡು ಹಿಡಿದಳು. ಬುಟ್ಟಿ ನೋಡಿದಳು. ಬುಟ್ಟಿ ಕೆಳಗಿದ್ದವಳಿಗೆ ಕೊಟ್ಟಳು."

"ಇಷ್ಟೇನಾ?"

"ಕಂಡಿದ್ದು ಇಷ್ಟೇ."

"ಮಿಕ್ಕಿದ್ದು ಎಲ್ಲಿಂದ ಬಂತು?"

ಜವರೇಶ ತಲೆ ತಗ್ಗಿಸಿದ. "ನಾನು ಸೇರಿಸಿದ್ದು ಮೇಷ್ಟ್ರೇ."

"ಅವಳ ಹತ್ರ ಹೋಗಿ ಕೇಳ್ಕೊಂಡು ಬಾ."

ನೀರು ಕುಡಿಯಲು ಆಟ ನಿಂತಾಗ ಜವರೇಶ ಎದ್ದುಹೋದ. ಟೀವಿಯಲ್ಲಿ ಬರುವವರು ಎದುರಿಗೆ ನಿಂತಿದ್ದು ಕಂಡು ಹುಡುಗಿ ಗಲಿಬಿಲಿಗೊಂಡಳು. ಯಾಕಮ್ಮ ನೀನು ಎಸೆಯುತ್ತಿಲ್ಲ ಎಂದು ಕೇಳಿದ. ಅವಳು ಹಿಂತಿರುಗಿ ನೋಡಿ ದನಿ ತಗ್ಗಿಸಿದಳು.

"ಅಲ್ಲಿ ಬುಟ್ಟಿ ಕೆಳಗೆ ನಿಂತಿದಾಳಲ್ಲ ಸಾರ್, ಸಿಂಚನ. ಅವರಪ್ಪ ಮೊನ್ನೆ ಮೊನ್ನೆ ತೀರಿಕೊಂಡ್ರು. ಇವತ್ತೇ ಅವಳು ವಾಪಸ್ ಬಂದಿರೋದು. ಇವತ್ತು ಯಾರಿಗೆ ಚೆಂಡು ಸಿಕ್ಕಿದ್ರೂ ಅವಳಿಗೇ ಕೊಡೋದು ಅಂತ ಮಾತಾಡ್ಕೊಂಡಿದೀವಿ. ಎದುರು ತಂಡದವರಿಗೂ ಗೊತ್ತು. ಅವಳಿಗೆ ಹೇಳ್ಬೇಡಿ ಸಾರ್."

ಜವರೇಶ ಹಿಂದಿರುಗಿ ಬಂದು ಅದನ್ನು ಹಾಗೇ ಹೇಳಿದ.

ಆಟ ಮತ್ತೆ ಶುರುವಾಗಿತ್ತು.

"ಈಗ ಏನಾಗ್ತಿದೆ?"

"ಸಿಂಚನ ಎಸೆದಳು. ಒಳಗೆ ಬಿತ್ತು. ಓಡ್ತಾ ಓಡ್ತಾ ಒಂದು ಸಲ ಕಣ್ಣೊರೆಸಿಕೊಂಡಳು."

"ಯಾಕೆ?"

ಜವರೇಶ ಬಾಯಿ ತೆರೆದ. ಬೆವರಿರಬಹುದು, ಅಪ್ಪನ ನೆನಪಿರಬಹುದು, ಗೆಳತಿಯರ ಗುಟ್ಟು ತಿಳಿದುಬಿಟ್ಟಿರಬಹುದು.

"ಗೊತ್ತಿಲ್ಲ ಮೇಷ್ಟ್ರೇ" ಎಂದ.

ಮೇಷ್ಟ್ರು ಅವನ ಬೆನ್ನ ಮೇಲೆ ಕೈಯಿಟ್ಟರು. ಆಟ ಮುಗಿಯುವವರೆಗೂ ಆ ಕೈ ಅಲ್ಲೇ ಇತ್ತು.

ಮಾರನೆಯ ಬೆಳಿಗ್ಗೆ ಚಾನೆಲಿನಿಂದ ಫೋನ್ ಬಂತು. ಅವತ್ತಿನ ಕಾರ್ಯಕ್ರಮದಲ್ಲಿ ಜವರೇಶ ಕ್ಷಮೆ ಕೇಳಬೇಕಂತೆ, ಅದರ ಜಾಹೀರಾತು ಆಗಲೇ ಓಡುತ್ತಿದೆಯಂತೆ. ಅವನಿಗೂ ಅದು ಸರಿಯೆನಿಸಿತು. ಕಟ್ಟೆಯ ಮೇಲೆ ಕೂತು ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡ. ಆಮೇಲೆ ಮೇಷ್ಟ್ರ ಮುಂದೆ ಅದನ್ನು ಹೇಳಿ ತೋರಿಸಿದ. ಚೆನ್ನಾಗಿತ್ತು. ನಡುವೆ ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದ್ದ.

ಮೇಷ್ಟ್ರು ಪೂರ್ತಿ ಕೇಳಿದರು.

"ಏಟು ಕ್ಯಾಮೆರಾಗೆ ಬಿದ್ದಿತ್ತಾ?"

"ಇಲ್ಲ."

"ಮತ್ತೆ ಕ್ಷಮೆ ಯಾಕೆ ಅಲ್ಲಿಗೆ ಹೋಗ್ತಿದೆ?"

ಜವರೇಶ ಚಾನೆಲಿಗೆ ಬರುವುದಿಲ್ಲವೆಂದು ಹೇಳಿದ. ಆ ಕಡೆಯವರು ಸಿಟ್ಟಾದರು. ಅವನು ದೇವರಾಜನಿಗೆ ಫೋನ್ ಮಾಡಿ, "ನನ್ನ ಜೊತೆ ಆಸ್ಪತ್ರೆಗೆ ಬರ್ತೀಯಾ?" ಎಂದು ಕೇಳಿದ. "ನೀನು ಕೇಳ್ಲಿ ಅಂತಾನೇ ಕಾಯ್ತಿದ್ದೆ ಕಣೋ" ಎಂದ ದೇವರಾಜ.

ಸಂಪಂಗಿಯ ಕಾಲಿಗೆ ತೊಡೆಯಿಂದ ಪಾದದವರೆಗೆ ಪಟ್ಟಿ ಕಟ್ಟಿದ್ದರು. ಅವನ ತಾಯಿ ಪಕ್ಕದಲ್ಲಿ ಕೂತು ಮೂಸಂಬಿ ಸುಲಿಯುತ್ತಿದ್ದರು. ಜವರೇಶನನ್ನು ಕಂಡು ಅವರ ಕೈ ನಿಂತಿತು. ಕೂತುಕೊಳ್ಳಿ ಎನ್ನಲಿಲ್ಲ.

ಜವರೇಶ ಮಂಚದ ಕಾಲ್ದೆಸೆಯಲ್ಲಿ ನಿಂತು ಮಾತು ಶುರುಮಾಡಿದ. "ಸಂಪಂಗಿ, ಒಬ್ಬ ಹಿರಿಯ ಆಟಗಾರನಾಗಿ ನಾನು..." ಅಷ್ಟರಲ್ಲೇ ತನ್ನ ದನಿ ಸ್ಟುಡಿಯೋದ ದನಿಯಾದದ್ದು ಅವನ ಕಿವಿಗೇ ಕೇಳಿಸಿತು. ಸಂಪಂಗಿ ಗೋಡೆಯ ಕಡೆ ಮುಖ ತಿರುಗಿಸಿದ್ದ.

ಜವರೇಶ ಮಾತು ನಿಲ್ಲಿಸಿದ. ಹತ್ತಿರ ಹೋದ.

"ನನ್ನಿಂದ ತಪ್ಪಾಯ್ತಪ್ಪ" ಎಂದ. ಆಮೇಲೆ ಕೇಳಿದ. "ಸೆಮಿಫೈನಲ್ ದಿನ ಏನಾಯ್ತು ನಿನಗೆ?"

ಸಂಪಂಗಿ ಇವನ ಕಡೆ ತಿರುಗಿದ.

"ಇಷ್ಟು ದಿನ ಎಲ್ಲರೂ ಅದರ ಬಗ್ಗೆ ಮಾತಾಡಿದ್ರು ಸಾರ್. ಏನಾಯ್ತು ಅಂತ ಯಾರೂ ಕೇಳಿರಲಿಲ್ಲ."

"ಈಗ ಹೇಳು."

"ತಿರುಗೋವಾಗ ಮೊಣಕಾಲಲ್ಲಿ ಟಕ್ ಅಂತು. ನೋವಿತ್ತು, ತಡ್ಕೊಳ್ಳೋಷ್ಟು. ಭಯಾನೂ ಆಯ್ತು. ನೀವು ಹೇಳಿದ್ದು ಪೂರ್ತಿ ಸುಳ್ಳಲ್ಲ ಸಾರ್. ಕಾಲು ಹೋದ್ರೆ ಆಟ ಹೋಗುತ್ತೆ, ಆಟ ಹೋದ್ರೆ ನನಗೆ ಬೇರೆ ಏನೂ ಬರಲ್ಲ. ಹೆದರಿಕೊಂಡೇ ಹೊರಗೆ ಬಂದೆ. ಬಂದಿದ್ದು ಸರಿಯಾಗೇ ಇತ್ತು. ನಿಮ್ಮ ಮಾತು ಕೇಳಿದ ಮೇಲೆ ಆ ಭಯದ ಬಗ್ಗೆ ನಾಚಿಕೆ ಶುರುವಾಯ್ತು. ಫೈನಲ್‌ನಲ್ಲಿ ನಾನು ಓಡಿದ್ದು ಚೆಂಡಿನ ಹಿಂದೆ ಅಲ್ಲ."

ದೇವರಾಜ ಕಿಟಕಿಯ ಹತ್ತಿರ ಹೋಗಿ ನಿಂತ.

"ನಾನು ಮತ್ತೆ ಆಡ್ತೀನಾ ಸಾರ್?"

ಆ ಪ್ರಶ್ನೆಗೆ ಹೇಳಬಹುದಾದ ಒಳ್ಳೊಳ್ಳೆಯ ಮಾತುಗಳೆಲ್ಲ ಜವರೇಶನಿಗೆ ಗೊತ್ತಿದ್ದವು. ಯಾವುದನ್ನೂ ಹೇಳಲಿಲ್ಲ.

"ಗೊತ್ತಿಲ್ಲಪ್ಪ. ಡಾಕ್ಟರ್ ಏನಂದ್ರು?"

ಸಂಪಂಗಿ ಡಾಕ್ಟರ್ ಹೇಳಿದ್ದನ್ನು ಹೇಳತೊಡಗಿದ. ಅದು ಮುಗಿದ ಮೇಲೆ ಆಟದ ಮಾತು ಬಂತು. ಹಿಂದಿನ ದಿನದ ಯುರೋಪಿನ ಪಂದ್ಯವೊಂದರಲ್ಲಿ ಕೊಟ್ಟ ಪೆನಾಲ್ಟಿ ಸರಿಯಲ್ಲ ಎಂದ. ದೇವರಾಜ ಸರಿ ಎಂದ. ಜವರೇಶ ಇಬ್ಬರನ್ನೂ ಕೇಳುತ್ತ ನಿಂತ. ಫುಟ್‌ಬಾಲಿನ ಬಗ್ಗೆ ತನಗೆ ಗೊತ್ತಿಲ್ಲದ್ದು ಇಷ್ಟಿದೆಯೆಂದು ಅವನಿಗೆ ಅವತ್ತೇ ತಿಳಿದದ್ದು.

ತಾಯಿ ಕುರ್ಚಿಯ ಮೇಲಿದ್ದ ಬಟ್ಟೆಗಳನ್ನು ಎತ್ತಿ ಮಂಚದ ಮೇಲಿಟ್ಟರು.

"ಕೂತ್ಕೊಳ್ಳಿ" ಎಂದರು. ಮೂಸಂಬಿಯ ತೊಳೆ ಕೊಟ್ಟರು.

ಆಮೇಲೆ ಜವರೇಶ ವಾರವಾರವೂ ಹೋದ. ಆಪರೇಷನ್ ಆಯಿತು. ಸಂಪಂಗಿ ಊರುಗೋಲು ಹಿಡಿದು ನಡೆದ, ಮುಂಗಾರು ಕಳೆಯುವ ಹೊತ್ತಿಗೆ ಅದನ್ನೂ ಬಿಟ್ಟು ನಡೆದ. ಮೈದಾನಕ್ಕೆ ಹಿಂದಿರುಗುತ್ತಾನೋ ಇಲ್ಲವೋ ಇನ್ನೂ ಯಾರೂ ಹೇಳುವಂತಿರಲಿಲ್ಲ. ಚಾನೆಲಿಗೆ ಹೋಗಿ ಎಂದು ಜವರೇಶನನ್ನು ಒತ್ತಾಯ ಮಾಡಿದವನು ಅವನೇ. "ಸಂಜೆ ಹೊತ್ತು ಹೋಗಲ್ಲ ಸಾರ್. ನೀವಿಬ್ಬರೂ ಜಗಳ ಆಡಿದ್ರೆ ನಾನೂ ಇಲ್ಲಿಂದ ಆಡ್ತೀನಿ."

ಜವರೇಶ ಕುರ್ಚಿಗೆ ಮರಳಿದ. ಯಾರಾದರೂ ಸುಲಭದ ಗೋಲು ತಪ್ಪಿಸಿಕೊಂಡರೆ, ಯಾಕೆ ಎಂದು ನಿರೂಪಕ ಕೇಳಿದರೆ, ತಿಳಿಯದು ಎನ್ನುತ್ತಿದ್ದ. ಚೆಂಡು ಎಲ್ಲಿತ್ತು, ಕಾಲು ಎಲ್ಲಿತ್ತು ಎಂಬುದನ್ನು ಮಾತ್ರ ಹೇಳುತ್ತಿದ್ದ. ಮೊದಲಿನ ಮಜಾ ಇಲ್ಲ ಎಂದು ಕೆಲವರು ನೋಡುವುದನ್ನು ಬಿಟ್ಟರು. ಒಬ್ಬ ಹಳೆಯ ಗೋಲ್‌ಕೀಪರ್ ಮಾತ್ರ ಫೋನ್ ಮಾಡಿ, ಈಗ ನೋಡಬಹುದು ಎಂದ.

ಚಳಿಗಾಲ ಶುರುವಾಗುವಾಗ ಜವರೇಶ ಮತ್ತೆ ನದಿಯ ದಡಕ್ಕೆ ಬಂದ. ಮೇಷ್ಟ್ರು ಬಿಸಿಲು ಕಾಯಿಸಿಕೊಳ್ಳುತ್ತಿದ್ದರು. ಸೊರಗಿದ್ದರು. ಸಂಪಂಗಿಯ ಸುದ್ದಿಯೆಲ್ಲ ಕೇಳಿ ಸಮಾಧಾನಪಟ್ಟರು. ಅವನು ಮೆಲ್ಲಗೆ ಓಡಲು ಶುರುಮಾಡಿದ್ದಾನೆ ಎಂದಾಗ, ಎಷ್ಟು ಹೊತ್ತು ಓಡ್ತಾನೆ, ಹುಲ್ಲಿನ ಮೇಲೋ ಮಣ್ಣಿನ ಮೇಲೋ ಎಂದು ವಿಚಾರಿಸಿದರು.

"ಒಂದು ಮಾತು ಮಾತ್ರ ನನಗೆ ಬಗೆಹರಿದಿಲ್ಲ ಮೇಷ್ಟ್ರೇ" ಎಂದ ಜವರೇಶ.

"ಹೇಳು."

"ಆ ಕೆಂಪು ಅಂಗಿ ಹುಡುಗಿ ವಿಷಯದಲ್ಲಿ ನಾನು ತಪ್ಪು ತಿಳ್ಕೊಂಡಿದ್ದೆ, ಅದು ಸರಿ. ಸಂಪಂಗಿ ವಿಷಯದಲ್ಲಿ ಹಾಗಲ್ಲ. ಭಯ ಇತ್ತು ಅಂತ ಅವನೇ ಒಪ್ಕೊಂಡ. ಭಯ ಅಂತ ನಾನಂದಿದ್ದು ನಿಜಾನೇ ಆಗಿತ್ತು. ನಿಜವಾದ ಮಾತಿನಿಂದ ಒಬ್ಬ ಮನುಷ್ಯನಿಗೆ ಕಾಲು ಹೋಗುವಷ್ಟು ನೋವು ಯಾಕಾಯ್ತು?"

ಮೇಷ್ಟ್ರು ಅವನ ಕೈ ಹುಡುಕಿ ತಮ್ಮ ಕೈಯೊಳಗೆ ತೆಗೆದುಕೊಂಡರು.

"ನಿಜ ಆಗಿದ್ದಕ್ಕೇ ಕಣಪ್ಪ. ಸುಳ್ಳಾಗಿದ್ರೆ ಅವನು ನಕ್ಕು ಸುಮ್ಮನಾಗಿಬಿಡ್ತಿದ್ದ."